ಮಗುವಿಗೆ ಮೊದಲ ಟೆಲಿಸ್ಕೋಪ್: ಮುಂಬೈ ಟೆರೇಸಿಗೆ ಯಾವುದು ಸರಿ?

ಅಕ್ಟೋಬರಿನಲ್ಲಿ ಮೋಡ ಸರಿಯುತ್ತಿದ್ದ ಹಾಗೆ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮವರಿಂದ ಪ್ರತಿವರ್ಷ ಅದೇ ಪ್ರಶ್ನೆ ಬರುತ್ತದೆ: “ಮಗಳಿಗೆ ಟೆಲಿಸ್ಕೋಪ್ ಕೊಡಿಸ್ಬೇಕು, ಯಾವುದು ತಗೊಳ್ಲಿ?” ಜೊತೆಗೆ ವಾಟ್ಸಾಪಿನಲ್ಲಿ ಒಂದು ಫೋಟೊ. ಪೆಟ್ಟಿಗೆಯ ಮೇಲೆ ಬಣ್ಣಬಣ್ಣದ ನೀಹಾರಿಕೆ, ಪಕ್ಕದಲ್ಲಿ ದಪ್ಪ ಅಂಕಿಯಲ್ಲಿ 525 ಪಟ್ಟು. ನಾನು ತಿರುಗಿ ಕೇಳುವುದು ಬೇರೆಯೇ. ಟೆರೇಸಿನ ಕೀಲಿ ಯಾರ ಹತ್ತಿರ ಇದೆ, ಸೆಕ್ರೆಟರಿ ರಾತ್ರಿ ಒಂಬತ್ತಕ್ಕೆ ಕೊಡುತ್ತಾರಾ? ಬಾಲ್ಕನಿ ಯಾವ ದಿಕ್ಕಿಗಿದೆ, ಗ್ರಿಲ್ ಹಾಕಿಸಿದ್ದೀರಾ? ಲಿಫ್ಟು ಎಲ್ಲಿಯವರೆಗೆ, ಅಲ್ಲಿಂದ ಮೇಲೆ ಹೊರುವವರು ಯಾರು? ಈ ಉತ್ತರಗಳು ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ. ಈ ಊರಿನಲ್ಲಿ ಟೆಲಿಸ್ಕೋಪನ್ನು ಮೊದಲು ಬಿಲ್ಡಿಂಗು ಆರಿಸುತ್ತದೆ, ಆಮೇಲೆ ನಾವು.

525ರ ಲೆಕ್ಕ

ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು ಬರೀ ಭಾಗಾಕಾರ. ಕೊಳವೆಯ ಫೋಕಲ್ ಲೆಂತನ್ನು (ಮುಂದಿನ ಲೆನ್ಸ್ ಅಥವಾ ಕನ್ನಡಿಯಿಂದ ಅದು ಬೆಳಕನ್ನು ಕೂಡಿಸುವ ಬಿಂದುವಿನವರೆಗಿನ ದೂರ) ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಪುಟ್ಟ ಲೆನ್ಸಿನ, ಫೋಕಲ್ ಲೆಂತಿನಿಂದ ಭಾಗಿಸಬೇಕು. 700 ಮಿ.ಮೀ. ಕೊಳವೆಗೆ 25 ಮಿ.ಮೀ. ಐಪೀಸ್ ಹಾಕಿದರೆ 28 ಪಟ್ಟು, 10 ಮಿ.ಮೀ. ಹಾಕಿದರೆ 70 ಪಟ್ಟು, 4 ಮಿ.ಮೀ. ಹಾಕಿದರೆ 175. ಅದರ ಮಧ್ಯೆ ಚಿತ್ರವನ್ನು ಇನ್ನೂ ಮೂರು ಪಟ್ಟು ಹಿಗ್ಗಿಸುವ ಪ್ಲಾಸ್ಟಿಕ್ ಬಾರ್ಲೊ ಲೆನ್ಸ್ ತುರುಕಿದರೆ 525. ಲೆಕ್ಕ ಸುಳ್ಳಲ್ಲ, ಆದರೆ ಉಪಯೋಗವಿಲ್ಲ. ಒಂದು ಟೆಲಿಸ್ಕೋಪು ತಡೆದುಕೊಳ್ಳುವುದು ಅದರ ಮುಂದಿನ ಲೆನ್ಸ್ ಅಥವಾ ಕನ್ನಡಿಯ ವ್ಯಾಸದ ಮೇಲೆ ನಿಂತಿದೆ: ಒಂದು ಮಿ.ಮೀ.ಗೆ ಹೆಚ್ಚೆಂದರೆ ಎರಡು ಪಟ್ಟು. 60 ಮಿ.ಮೀ. ಲೆನ್ಸಿಗೆ 120, 70 ಮಿ.ಮೀ.ಗೆ 140. ಅದರಾಚೆ ಚಿತ್ರ ದೊಡ್ಡದಾಗುತ್ತದೆ, ಜೊತೆಗೆ ಮಸುಕಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು ಇಪ್ಪತ್ತು ಪಟ್ಟಿನ ಕೊಳವೆಯಲ್ಲಿ.

ಹಾಗಾಗಿ ಪೆಟ್ಟಿಗೆಯ ಮೇಲೆ ಪಟ್ಟಿನ ಅಂಕಿ ದೊಡ್ಡದಾಗಿ, ವ್ಯಾಸ ಚಿಕ್ಕದಾಗಿ ಬರೆದಿದ್ದರೆ ಅದನ್ನು ಅಲ್ಲೇ ಬಿಡಿ. ಐಪೀಸ್ ಕೂರುವ ತೂತಿನ ಅಳತೆಯನ್ನೂ ಕೇಳಿ. 1.25 ಇಂಚು ಎಂದರೆ ಎಲ್ಲ ಕಡೆ ನಡೆಯುವ ಅಳತೆ, ನಾಳೆ ಒಳ್ಳೆಯ ಐಪೀಸ್ ಕೊಂಡರೂ ಕೂರುತ್ತದೆ. 0.965 ಇಂಚಿನ ಹಳೇ ಅಳತೆಯದಾದರೆ ಮುಂದೆ ಏನೂ ಸಿಗುವುದಿಲ್ಲ.

ಮೊದಲು ಸ್ಟ್ಯಾಂಡು

ಅಂಗಡಿಯಲ್ಲಿ ಎಲ್ಲರೂ ಕೊಳವೆಯೊಳಗೆ ಇಣುಕುತ್ತಾರೆ, ಸ್ಟ್ಯಾಂಡನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಮಗುವಿನ ಆಸಕ್ತಿ ಉಳಿಯುವುದೋ ಹಾರಿಹೋಗುವುದೋ ಅಲ್ಲೇ ತೀರ್ಮಾನವಾಗುತ್ತದೆ. ಶನಿಯನ್ನು 70 ಪಟ್ಟಿನಲ್ಲಿ ಹಿಡಿದು ಫೋಕಸ್ ಗುಂಡಿ ಮುಟ್ಟಿ ನೋಡಿ. ತೆಳು ಅಲ್ಯೂಮಿನಿಯಂ ಕಾಲಿನ ಸ್ಟ್ಯಾಂಡಾದರೆ ಶನಿ ಎಡಕ್ಕೆ ಬಲಕ್ಕೆ ಕುಣಿಯುತ್ತದೆ, ಕುಣಿತ ನಿಲ್ಲುವಷ್ಟರಲ್ಲಿ ಮತ್ತೆ ಫೋಕಸ್ ಸರಿಯಿಲ್ಲ ಅನಿಸುತ್ತದೆ, ಮತ್ತೆ ಮುಟ್ಟಬೇಕು. ಹತ್ತು ವರ್ಷದ ಕೈ ಅದನ್ನು ಎಷ್ಟು ಹೊತ್ತು ಸಹಿಸೀತು? ಪರೀಕ್ಷೆ ಸುಲಭ. ದೂರದ ಮೊಬೈಲ್ ಟವರಿನ ತುದಿಗೆ ಹಿಡಿದು, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಎರಡು ಸೆಕೆಂಡಿನಲ್ಲಿ ಚಿತ್ರ ನಿಂತರೆ ಒಳ್ಳೆಯದು. ಐದಾರು ಎಣಿಸಬೇಕಾದರೆ ಬೇಡ.

ಭೂಮಿ ತಿರುಗುತ್ತಲೇ ಇರುತ್ತದಲ್ಲ, ಅದೂ ಒಂದು ಲೆಕ್ಕ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 100 ಪಟ್ಟಿನಲ್ಲಿ ಸಾಧಾರಣ ಐಪೀಸಿನೊಳಗೆ ಕಾಣುವುದು ಸುಮಾರು ಅರ್ಧ ಡಿಗ್ರಿ. ಅಂದರೆ ಗುರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎರಡೇ ನಿಮಿಷದಲ್ಲಿ ಹೊರಟುಹೋಗುತ್ತಾನೆ. ಅಪ್ಪ ಹಿಡಿದುಕೊಟ್ಟು, ಮಗಳು ನೋಡಿ, “ಅಜ್ಜಿ, ಬನ್ನಿ” ಎಂದು ಕರೆದು, ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ಕತ್ತಲೆ. ಮಗು ತಾನೇ ನಯವಾಗಿ ತಳ್ಳಿ ಮತ್ತೆ ಹಿಡಿಯುವಂತಿರಬೇಕು. ಸ್ಟ್ಯಾಂಡಿನಿಂದ ನಾನು ಬಯಸುವುದು ಇಷ್ಟೇ.

ಸ್ಟ್ಯಾಂಡುಗಳಲ್ಲಿ ಮೂರು ಜಾತಿ. ಮೇಲೆ-ಕೆಳಗೆ, ಎಡ-ಬಲ ಆಡುವ ತ್ರಿಪಾದದ ಆಲ್ಟ್-ಅಜಿಮತ್. ಬೀಸುಗಲ್ಲಿನ ಹಾಗೆ ಒಂದು ಹಲಗೆಯ ಮೇಲೆ ಇನ್ನೊಂದು ಹಲಗೆ ತಿರುಗುವ ಡಾಬ್ಸೋನಿಯನ್. ಮತ್ತೆ ತೂಕದ ಗುಂಡು ನೇತುಬಿದ್ದಿರುವ ಇಕ್ವಟೋರಿಯಲ್. ಮೂರನೆಯದು ನೋಡಲು ವಿಜ್ಞಾನಿಗಳದ್ದರಂತೆ ಇರುತ್ತದೆ, ಅದಕ್ಕೇ ಅಪ್ಪಂದಿರು ಮನಸೋಲುತ್ತಾರೆ. ಆದರೆ ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿ ಇಡಬೇಕು. ಮುಂಬೈಯಲ್ಲಿ ಧ್ರುವ ದಿಗಂತದಿಂದ ಬರೀ 19 ಡಿಗ್ರಿ ಮೇಲಿದೆ. ಎದುರಿನ ಇಪ್ಪತ್ತು ಮಾಳಿಗೆಯ ಟವರಿನ ಹಿಂದೆ ಅಡಗಿರುತ್ತದೆ, ಕಂಡರೂ ಹೊಗೆಯಲ್ಲಿ ಮಂಕು. ಜೊತೆಗೆ ಕನ್ನಡಿ ಕೊಳವೆಯನ್ನು ಅದರ ಮೇಲೆ ತಿರುಗಿಸುತ್ತ ಹೋದರೆ ಐಪೀಸು ಒಮ್ಮೆ ತಲೆಯ ಮೇಲೆ, ಒಮ್ಮೆ ಹೊಟ್ಟೆಯ ಕೆಳಗೆ ಬರುತ್ತದೆ. ಮಗುವಿಗೆ ಇಕ್ವಟೋರಿಯಲ್ ಬೇಡ.

ಡಾಬ್ಸೋನಿಯನ್ನಿನ ಹಿಂದೆ ಒಂದು ಕಥೆ ಇದೆ. ಜಾನ್ ಡಾಬ್ಸನ್ ಅಮೆರಿಕದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮದಲ್ಲಿ 1944ರಿಂದ 1967ರವರೆಗೆ ಸಂನ್ಯಾಸಿಯಾಗಿದ್ದವರು. ಕೈಯಲ್ಲಿ ಕಾಸಿಲ್ಲ, ಹಡಗಿನ ಕಿಟಕಿಯ ಹಳೇ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಗೆ ಹಾಕಿ, ಹಲಗೆ ಪೆಟ್ಟಿಗೆಯ ಮೇಲೆ ಕೂರಿಸಿದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಫುಟ್‌ಪಾತಿನಲ್ಲಿ ನಿಂತು ದಾರಿಹೋಕರಿಗೆ ಶನಿಯನ್ನು ತೋರಿಸುತ್ತಿದ್ದರು. ಅಷ್ಟು ಸರಳವಾದ ಕಾರಣಕ್ಕೇ ಅದು ಮಕ್ಕಳ ಕೈಗೆ ಒಗ್ಗುತ್ತದೆ.

ಈಗ ಆಯ್ಕೆಗಳು

ಎಂಟು ವರ್ಷದೊಳಗಿನ ಮಗುವಾದರೆ, ಅಥವಾ ಆಸಕ್ತಿ ನಿಜವೋ ಒಂದು ವಾರದ್ದೋ ಗೊತ್ತಿಲ್ಲದಿದ್ದರೆ, ದುರ್ಬೀನು. 10×50 ಎಂದರೆ ಹತ್ತು ಪಟ್ಟು, 50 ಮಿ.ಮೀ. ಲೆನ್ಸ್. ಚಂದ್ರನ ಕುಳಿಗಳು, ಕೃತ್ತಿಕೆಯ ಗುಂಪು, ಗೋಡೆಗೆ ಆನಿಸಿ ಗಟ್ಟಿಯಾಗಿ ಹಿಡಿದರೆ ಗುರುವಿನ ಚಂದ್ರರೂ ಕಾಣುತ್ತಾರೆ. ಆದರೆ ಅದು ಹತ್ತಿರಹತ್ತಿರ ಒಂದು ಕಿಲೊ ತೂಗುತ್ತದೆ, ಸಣ್ಣ ಕೈಗೆ ಭಾರ. 7×35 ಅಥವಾ 8×42 ವಾಸಿ. ಕೊಳ್ಳುವಾಗ ಮಗುವನ್ನು ಕರೆದುಕೊಂಡು ಹೋಗಿ. ಮಕ್ಕಳ ಎರಡು ಕಣ್ಣುಗಳ ನಡುವಿನ ದೂರ ನಮ್ಮದಕ್ಕಿಂತ ಕಡಿಮೆ; ಕೆಲವು ದುರ್ಬೀನುಗಳು ಅಷ್ಟು ಹತ್ತಿರಕ್ಕೆ ಮಡಚುವುದೇ ಇಲ್ಲ, ಮಗುವಿಗೆ ಒಂದೇ ಕಣ್ಣಲ್ಲಿ ಕಾಣುತ್ತದೆ. ಆಸಕ್ತಿ ತೀರಿದರೂ ನಷ್ಟವಿಲ್ಲ: ಶಿವಡಿಯ ಫ್ಲೆಮಿಂಗೊ ನೋಡಲು ಬರುತ್ತದೆ, ಊರಿಗೆ ಹೋದಾಗ ಯಕ್ಷಗಾನದ ಹಿಂದಿನ ಸಾಲಿಗೂ ಬರುತ್ತದೆ.

ಅದರ ಮೇಲಿನ ಮೆಟ್ಟಿಲಿನಲ್ಲಿ ಎರಡು ದಾರಿ. ಇಲ್ಲೇ ಸ್ವಲ್ಪ ನಿಂತು ಯೋಚಿಸಬೇಕು.

ಒಂದು, 70 ಮಿ.ಮೀ. ಲೆನ್ಸಿನ ಉದ್ದ ಕೊಳವೆ, ಫೋಕಲ್ ಲೆಂತ್ 700ರಿಂದ 900. ಬೆಲೆ ಅಂದಾಜು ಹತ್ತರಿಂದ ಹದಿನೆಂಟು ಸಾವಿರದ ಆಸುಪಾಸು. ಇದರ ಗುಣ, ತೆಗೆದಿಟ್ಟ ಕೂಡಲೇ ಕೆಲಸಕ್ಕೆ ಸಿದ್ಧ. ಲೆನ್ಸು ಅಲುಗುವುದಿಲ್ಲ, ಕನ್ನಡಿಯ ಹಾಗೆ ಆಗಾಗ ಸರಿಹೊಂದಿಸಬೇಕಿಲ್ಲ. ಚಂದ್ರನ ಬೆಟ್ಟಗಳ ನೆರಳು, ಗುರುವಿನ ಎರಡು ಕಂದು ಪಟ್ಟೆ, ಶನಿಯ ಉಂಗುರ, ಶನಿಯ ದೊಡ್ಡ ಚಂದ್ರ ಟೈಟನ್, ಚಂದ್ರನ ಹಾಗೆ ಹೆಚ್ಚು-ಕಡಿಮೆಯಾಗುವ ಶುಕ್ರನ ಕಲೆಗಳು ಎಲ್ಲ ಚೊಕ್ಕವಾಗಿ ಕಾಣುತ್ತವೆ. ಬಾಲ್ಕನಿಯಿಂದ ನೋಡುವವರಿಗೂ ಇದೇ ಸರಿ, ಏಕೆಂದರೆ ಉದ್ದ ಕಾಲಿನ ಸ್ಟ್ಯಾಂಡು ಕೊಳವೆಯನ್ನು ಕಟಾಂಜನದ ಮೇಲಕ್ಕೆ ಎತ್ತುತ್ತದೆ. ಅವಗುಣ ಅದೇ ಸ್ಟ್ಯಾಂಡು: ಈ ಬೆಲೆಯಲ್ಲಿ ಕಾಲು ತೆಳ್ಳಗಿರುತ್ತದೆ. ಕಾಲನ್ನು ಪೂರ್ತಿ ಎಳೆಯದೆ ಗಿಡ್ಡ ಇಟ್ಟು, ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ, ನಡುವಿನ ತಟ್ಟೆಗೆ ಎರಡು ಲೀಟರಿನ ನೀರಿನ ಬಾಟಲಿ ತೂಗುಹಾಕಿದರೆ ಬಹಳ ಸುಧಾರಿಸುತ್ತದೆ. ಇದೇ 70 ಮಿ.ಮೀ.ನಲ್ಲಿ 400 ಫೋಕಲ್ ಲೆಂತಿನ ಗಿಡ್ಡ ಪ್ರವಾಸಿ ಮಾದರಿಯೂ ಸಿಗುತ್ತದೆ, ಬೆನ್ನಚೀಲದ ಸಮೇತ. ಅದು ರೈಲಿಗೆ ಅನುಕೂಲ, ಗ್ರಹಕ್ಕೆ ಅಲ್ಲ. ಗ್ರಹಗಳ ಅಂಚಿನಲ್ಲಿ ನೇರಳೆ ಬಣ್ಣ ಹೆಚ್ಚು ಕಾಣುತ್ತದೆ, ಜೊತೆಗೆ ಬರುವ ಸ್ಟ್ಯಾಂಡು ಕ್ಯಾಮೆರಾಗೂ ಸಾಲದು.

ಇನ್ನೊಂದು, 114 ಅಥವಾ 130 ಮಿ.ಮೀ. ಕನ್ನಡಿಯ, ಮೇಜಿನ ಮೇಲೆ ಕೂರುವ ಡಾಬ್ಸೋನಿಯನ್. 130ರದು ಇಪ್ಪತ್ತೈದು ಸಾವಿರದ ಆಚೆಗೇ ಹೋಗುತ್ತದೆ. ದುಡ್ಡಿಗೆ ಸಿಗುವುದು ಬೆಳಕು: 130ರ ಕನ್ನಡಿ 70ರ ಲೆನ್ಸಿಗಿಂತ ಮೂರು ಪಟ್ಟಿಗೂ ಮೀರಿ ಬೆಳಕು ಕೂಡಿಸುತ್ತದೆ. ಗಾಳಿ ಸ್ಥಿರವಾಗಿದ್ದ ರಾತ್ರಿ ಶನಿಯ ಉಂಗುರದ ನಡುವಿನ ಕಪ್ಪು ಸಂದು, ಗುರುವಿನ ಕೆಂಪು ಚುಕ್ಕೆ ಎರಡಕ್ಕೂ ಆಸೆ ಇಟ್ಟುಕೊಳ್ಳಬಹುದು. ಅಲುಗಾಟ ಇಲ್ಲವೇ ಇಲ್ಲ ಎನ್ನಬಹುದು. ಆದರೆ ಕೂರಿಸಲು ಗಟ್ಟಿ ಮೇಜು ಬೇಕು. ಪ್ಲಾಸ್ಟಿಕ್ ಕುರ್ಚಿ ಕೆಲಸಕ್ಕೆ ಬಾರದು. ಟೆರೇಸಿನ ನೀರಿನ ಟಾಂಕಿಯ ಕಟ್ಟೆ, ಮೂರು ಕಾಲಿನ ಮರದ ಸ್ಟೂಲು ಸರಿ. ಆರು ಕಿಲೊ ಆಸುಪಾಸಿನ ತೂಕ, ಅಪ್ಪನೋ ಅಮ್ಮನೋ ಹೊರಬೇಕು. ಬಾಲ್ಕನಿಯಲ್ಲಿ ಇದು ಗೋಡೆಯನ್ನೇ ನೋಡುತ್ತ ಕೂರುತ್ತದೆ. ಕೊಳವೆಯ ನಡುಭಾಗ ತೆರೆದಿರುವ ಮಾದರಿಯಾದರೆ ಪಕ್ಕದ ಬಿಲ್ಡಿಂಗಿನ ಹ್ಯಾಲೊಜನ್ ಬೆಳಕು ಒಳಗೆ ನುಗ್ಗುತ್ತದೆ. ಕಪ್ಪು ಫೋಮ್ ಶೀಟು ಸುತ್ತಬೇಕು. ಸಾಗಿಸಿದಾಗ ಕನ್ನಡಿಗಳ ಜೋಡಣೆ ತಪ್ಪುತ್ತದೆ. ಸರಿಮಾಡಲು ಕಲಿಯುವುದು ಕಷ್ಟವಲ್ಲ, ಆದರೆ ಮನೆಯಲ್ಲಿ ಒಬ್ಬರು ಕಲಿಯಲೇಬೇಕು.

ನನ್ನ ಮಾತು ಕೇಳುವುದಾದರೆ: ಟೆರೇಸ್ ನಿಮ್ಮದೇ ಎನ್ನುವಷ್ಟು ಸಲೀಸಾಗಿ ಸಿಗುತ್ತದೆ, ಮಗುವಿಗೆ ಹತ್ತು ದಾಟಿದೆ, ದೊಡ್ಡವರಿಗೂ ಸ್ವಲ್ಪ ಹುಚ್ಚಿದೆ ಎಂದರೆ 130. ಉಳಿದವರಿಗೆ 70ರ ಉದ್ದ ಕೊಳವೆ. ಹೊರಗೆ ತರದ 130ಕ್ಕಿಂತ ವಾರಕ್ಕೊಮ್ಮೆ ಹೊರಬರುವ 70 ದೊಡ್ಡದು.

76 ಮಿ.ಮೀ. ಕನ್ನಡಿ, 300 ಫೋಕಲ್ ಲೆಂತಿನ ಪುಟ್ಟ ಡಾಬ್ಸೋನಿಯನ್ ಕೂಡ ಇದೆ, ಇವೆರಡಕ್ಕಿಂತ ಅಗ್ಗ. ಮುದ್ದಾಗಿದೆ, ಪುಸ್ತಕದ ಕಪಾಟಿನಲ್ಲಿ ಕೂರುತ್ತದೆ. ಚಂದ್ರನಿಗೆ ಚೆನ್ನ. ಕನ್ನಡಿ ಗೋಳಾಕಾರದ್ದಾದ್ದರಿಂದ ಪಟ್ಟು ಏರಿಸಿದರೆ ಗ್ರಹಗಳ ಅಂಚು ಕರಗಿದ ಹಾಗೆ ಕಾಣುತ್ತದೆ. ಏಳೆಂಟು ವರ್ಷದ ಮಗುವಿಗೆ, ದುರ್ಬೀನು ಬೇಡ “ನಿಜವಾದ” ಟೆಲಿಸ್ಕೋಪೇ ಬೇಕು ಎಂದು ಹಟ ಹಿಡಿದಿದ್ದರೆ, ಇದು.

ಕೊಳ್ಳಲೇಬಾರದ್ದು ಒಂದಿದೆ. 114 ಅಥವಾ 127 ಮಿ.ಮೀ. ಕನ್ನಡಿ, ಫೋಕಲ್ ಲೆಂತ್ 1000 ಎಂದು ಬರೆದಿರುತ್ತದೆ, ಆದರೆ ಕೊಳವೆ ನೋಡಿದರೆ ಅರ್ಧ ಮೀಟರಿನಷ್ಟೇ. ಸಾದಾ ಕನ್ನಡಿ ಟೆಲಿಸ್ಕೋಪಿನಲ್ಲಿ ಕೊಳವೆಯ ಉದ್ದ ಫೋಕಲ್ ಲೆಂತಿಗೆ ಹತ್ತಿರಹತ್ತಿರ ಇರಬೇಕು. ಇಲ್ಲಿ ಐಪೀಸ್ ಕೂರುವ ಫೋಕಸರಿನೊಳಗೆ ಒಂದು ಅಗ್ಗದ ಲೆನ್ಸ್ ಅಡಗಿಸಿ ಉದ್ದ ಎಳೆದಿರುತ್ತಾರೆ. ಚಿತ್ರ ಎಂದೂ ಚೂಪಾಗುವುದಿಲ್ಲ, ಕನ್ನಡಿ ಸರಿಹೊಂದಿಸುವುದೂ ತಲೆನೋವು. ಸಾಮಾನ್ಯವಾಗಿ ಇದು ಇಕ್ವಟೋರಿಯಲ್ ಸ್ಟ್ಯಾಂಡಿನ ಮೇಲೆ, “ಶೇಕಡಾ ನಲವತ್ತು ರಿಯಾಯಿತಿ” ಚೀಟಿಯೊಂದಿಗೆ ಬರುತ್ತದೆ.

ಮೋಟಾರು, ಕಂಪ್ಯೂಟರ್ ಇರುವವು? ದುಡ್ಡೆಲ್ಲ ಮೋಟಾರಿಗೆ ಹೋಗಿ ಕನ್ನಡಿ ಚಿಕ್ಕದಾಗುತ್ತದೆ. ಮೊಬೈಲ್ ಕ್ಯಾಮೆರಾ ನಕ್ಷತ್ರಗಳನ್ನು ಗುರುತಿಸಿ “ಎಡಕ್ಕೆ ತಳ್ಳು” ಎಂದು ಬಾಣ ತೋರಿಸುವ ಮಾದರಿಗಳು ಮಾತ್ರ ಬೆಳಕು ತುಂಬಿದ ಊರಿನಲ್ಲಿ ಪ್ರಯೋಜನಕ್ಕೆ ಬರುತ್ತವೆ. ಫೋನಿನ ಪರದೆಗೇ ಚಿತ್ರ ಕಳಿಸುವ ಸ್ಮಾರ್ಟ್ ಟೆಲಿಸ್ಕೋಪು ಬಾಂದ್ರಾದಿಂದಲೂ ನೀಹಾರಿಕೆ ತೆಗೆಯುತ್ತದೆ, ನಿಜ. ಪರದೆ ನೋಡುವುದು ಮಕ್ಕಳಿಗೆ ನಾವು ಕಲಿಸಬೇಕಾದ ವಿದ್ಯೆಯಲ್ಲ.

ಇಲ್ಲಿಂದ ಏನು ಕಾಣುತ್ತದೆ

ಪೆಟ್ಟಿಗೆಯ ಮೇಲಿನ ಬಣ್ಣ ಎಲ್ಲಿಂದಲೂ ಕಾಣುವುದಿಲ್ಲ. ಅವು ದೀರ್ಘ ಹೊತ್ತು ತೆಗೆದ ಫೋಟೊಗಳು. ಇದನ್ನು ಮಗುವಿಗೆ ಮೊದಲೇ ಹೇಳಿ. ಚಂದ್ರನಿಗೂ ಗ್ರಹಗಳಿಗೂ ಊರ ಬೆಳಕು ಅಡ್ಡಿಯಲ್ಲ. ಹುಣ್ಣಿಮೆಯ ದಿನ ಶುರುಮಾಡಬೇಡಿ, ಅಂದು ನೆರಳಿಲ್ಲದೆ ಚಂದ್ರ ಚಪ್ಪಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯೊಳಗಿನ ಸಂಜೆ ನೋಡಿಟ್ಟುಕೊಳ್ಳಿ. ಬೆಳಕು-ಕತ್ತಲೆಯ ಗಡಿಯಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಶನಿಯ ಉಂಗುರ 2025ರ ಮಾರ್ಚಿನಲ್ಲಿ ನಮಗೆ ಅಂಚು ತೋರಿಸಿ ಗೆರೆಯಷ್ಟಾಗಿತ್ತು. ಅಲ್ಲಿಂದ ಮೆಲ್ಲಗೆ ತೆರೆದುಕೊಳ್ಳುತ್ತ 2032ರ ಹೊತ್ತಿಗೆ ಪೂರ್ತಿ ಅಗಲವಾಗುತ್ತದೆ. ಈಗ ಕೊಂಡ ಟೆಲಿಸ್ಕೋಪಿನಲ್ಲಿ ಮಗು ವರ್ಷವರ್ಷ ಅದನ್ನೇ ಚಿತ್ರ ಬರೆದಿಡಬಹುದು.

ಜೋಡಿ ನಕ್ಷತ್ರಗಳಿಗೂ ಊರ ಬೆಳಕಿನ ಭಯವಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಮದುವೆಯಲ್ಲಿ ಪುರೋಹಿತರು ಹಗಲಿನಲ್ಲೇ ತೋರಿಸಿಬಿಡುವ ಅರುಂಧತಿ ಅಲ್ಲೇ ವಸಿಷ್ಠನ ಪಕ್ಕದಲ್ಲಿದ್ದಾಳೆ. 70 ಮಿ.ಮೀ. ಟೆಲಿಸ್ಕೋಪಿನಲ್ಲಿ 50 ಪಟ್ಟಿಗೆ ನೋಡಿದರೆ ಅರುಂಧತಿ ದೂರ ಸರಿಯುತ್ತಾಳೆ, ವಸಿಷ್ಠನೇ ಎರಡಾಗಿ ಒಡೆಯುತ್ತಾನೆ, ಒಂದು ಪ್ರಖರ, ಇನ್ನೊಂದು ಸ್ವಲ್ಪ ಮಂಕು. ನಮ್ಮ ಮನೆಗಳ ಹಿರಿಯರಿಗೆ ಶನಿಗಿಂತ ಇದೇ ಹೆಚ್ಚು ಖುಷಿ ಕೊಟ್ಟದ್ದನ್ನು ನೋಡಿದ್ದೇನೆ.

ಕಿಟಕಿಯ ಗಾಜಿನ ಹಿಂದಿನಿಂದ ನೋಡಬೇಡಿ. ಎ.ಸಿ. ಹೊರಘಟಕದ ಮೇಲಿನ ಬಿಸಿಗಾಳಿಯ ದಾರಿಯಲ್ಲೂ ಬೇಡ, ಗ್ರಹ ಕುದಿಯುವ ಹಾಗೆ ಕಾಣುತ್ತದೆ. ಎ.ಸಿ. ಕೋಣೆಯಿಂದ ನೇರ ಟೆರೇಸಿಗೆ ತಂದರೆ ನಮ್ಮ ತೇವದ ಗಾಳಿಗೆ ಲೆನ್ಸಿನ ಮೇಲೆ ಕ್ಷಣದಲ್ಲಿ ಮಂಜು ಕಟ್ಟುತ್ತದೆ. ಒರೆಸಬೇಡಿ. ಮುಚ್ಚಳ ಹಾಕಿಯೇ ತಂದು ಅರ್ಧ ಗಂಟೆ ಹೊರಗಿಡಿ.

ಜೊತೆಗೆ ಏನೇನು

ಮೊದಲು ಒಂದು ಒಳ್ಳೆಯ ಐಪೀಸ್. ಪೆಟ್ಟಿಗೆಯ ಜೊತೆ ಬರುವ 4 ಮಿ.ಮೀ. ಐಪೀಸಿನ ತೂತು ಸೂಜಿಮೊನೆಯಷ್ಟು. ಕಣ್ಣನ್ನು ಗಾಜಿಗೆ ಅಂಟಿಸಬೇಕು, ರೆಪ್ಪೆ ತಾಗಿ ಜಿಡ್ಡಾಗುತ್ತದೆ, ಕನ್ನಡಕದ ಮಗುವಿಗಂತೂ ಆಗದು. 10 ಮಿ.ಮೀ. ಆಸುಪಾಸಿನ, ಪ್ಲಾಸಲ್ ಎಂಬ ವಿನ್ಯಾಸದ ಐಪೀಸ್ ಒಂದು ಕೊಂಡರೆ 70ರ ಕೊಳವೆಗೆ ಬಹುಕಾಲ ಸಾಕು. ಮೂರು ಪಟ್ಟಿನ ಬಾರ್ಲೊ ಪೆಟ್ಟಿಗೆಯಲ್ಲೇ ಇರಲಿ.

ಎರಡನೆಯದು ರೆಡ್ ಡಾಟ್ ಫೈಂಡರ್, ಅಂದರೆ ಕೊಳವೆಯನ್ನು ಗುರಿಗೆ ಹಿಡಿಯಲು ಕೆಂಪು ಚುಕ್ಕೆ ತೋರಿಸುವ ಸಾಧನ, ಕೊಳವೆಯ ಜೊತೆ ಬಂದಿರದಿದ್ದರೆ. ಚಿಕ್ಕ ಪ್ಲಾಸ್ಟಿಕ್ ದುರ್ಬೀನಿನಂಥ ಫೈಂಡರಿನಲ್ಲಿ ಎಲ್ಲ ತಲೆಕೆಳಗಾಗಿ ಕಂಡು ಮಕ್ಕಳು ತಬ್ಬಿಬ್ಬಾಗುತ್ತಾರೆ. ಹಗಲಲ್ಲೇ ದೂರದ ಆಂಟೆನಾ ತುದಿಗೆ ಕೊಳವೆಯನ್ನೂ ಕೆಂಪು ಚುಕ್ಕೆಯನ್ನೂ ಹೊಂದಿಸಿಡಿ. ಅದಾದಮೇಲೆ ಅಜ್ಜ-ಅಜ್ಜಿ ಬಗ್ಗಲಾರದ ಮನೆಗೆ ಮೊಬೈಲ್ ಹಿಡಿಯುವ ಕ್ಲಿಪ್ಪು. ಚಂದ್ರನ ಫಿಲ್ಟರು ಅಷ್ಟೇನೂ ಅಗತ್ಯವಿಲ್ಲ. ಟೆರೇಸಿನ ದೀಪ ಹಚ್ಚಿಟ್ಟು ನೋಡಿದರೆ ಕಣ್ಣು ಕುಕ್ಕುವುದಿಲ್ಲ. ನಕ್ಷೆಗೆ ಸ್ಟೆಲೇರಿಯಂ ಆ್ಯಪ್ ಸಾಕು.

ಸೂರ್ಯನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಐಪೀಸಿಗೆ ತಿರುಗಿಸುವ “ಸನ್” ಎಂದು ಬರೆದ ಕಪ್ಪು ಗಾಜು ಹಳೇ ಪೆಟ್ಟಿಗೆಗಳಲ್ಲಿ ಬರುತ್ತದೆ. ಕೂಡಿದ ಬೆಳಕಿನ ಬಿಸಿಗೆ ಅದು ಸೀಳಿದರೆ ಕಣ್ಣು ಹೋಯಿತು. ಮಗುವಿನ ಕೈಗೆ ಸಿಗುವ ಮೊದಲೇ ಒಡೆದು ಎಸೆಯಿರಿ. ಎಕ್ಸ್‌ರೇ ಫಿಲ್ಮೂ ಬೇಡ. ಸೂರ್ಯನನ್ನು ನೋಡುವುದಾದರೆ ಕೊಳವೆಯ ಮುಂದಿನ ಬಾಯಿಗೇ ಪೂರ್ತಿ ಕಟ್ಟುವ, ಅದಕ್ಕೆಂದೇ ಮಾಡಿದ ಸೋಲಾರ್ ಫಿಲ್ಮ್ ಬೇಕು, ಲೆನ್ಸಿನ ಫೈಂಡರ್ ಇದ್ದರೆ ಅದಕ್ಕೂ ಮುಚ್ಚಳ ಹಾಕಿರಬೇಕು, ದೊಡ್ಡವರು ಪಕ್ಕದಲ್ಲೇ ಇರಬೇಕು. 2027ರ ಆಗಸ್ಟ್ 2ರ ಗ್ರಹಣ ಇಲ್ಲಿ ಪಾರ್ಶ್ವವಾಗಿ ಬೀಳುತ್ತದೆ, ಮಳೆಗಾಲದ ಮೋಡ ಬಿಟ್ಟರೆ. ಫಿಲ್ಮನ್ನು ಆ ವಾರ ಹುಡುಕಲು ಹೊರಡಬೇಡಿ.

ಜೂನ್ ಬಂತೆಂದರೆ ಫಂಗಸ್. ಜೊತೆಗೆ ಬಂದ ಚೀಲದಲ್ಲೇ ಮುಚ್ಚಿಟ್ಟು ಅಟ್ಟಕ್ಕೆ ಹಾಕಿದರೆ ಅಕ್ಟೋಬರಿನಲ್ಲಿ ಲೆನ್ಸಿನ ಮೇಲೆ ಜೇಡರ ಬಲೆಯಂಥ ಎಳೆಗಳು ಸಿಗುತ್ತವೆ. ಐಪೀಸುಗಳನ್ನು ಸಿಲಿಕಾ ಜೆಲ್ ಸಮೇತ ಗಾಳಿಯಾಡದ ಡಬ್ಬಿಯಲ್ಲಿಡಿ, ಕೊಳವೆಯ ಎರಡೂ ಬಾಯಿಗೆ ಮುಚ್ಚಳ ಹಾಕಿ ಒಳಗೂ ಒಂದೆರಡು ಪೊಟ್ಟಣ ಕಟ್ಟಿ. ಧೂಳಿಗೆ ರಬ್ಬರ್ ಬ್ಲೋವರ್ ಊದಿದರೆ ಸಾಕು. ಅಂಗಿಯ ತುದಿಯಿಂದ ಒರೆಸುವ ಚಟ ಬೇಡ.

ಕೊಳ್ಳುವ ಮೊದಲು ಒಮ್ಮೆ ನೋಡಿ

ದುಡ್ಡು ಕೊಡುವ ಮೊದಲು ಮಗುವಿಗೆ ಬೇರೆಯವರ ಟೆಲಿಸ್ಕೋಪಿನಲ್ಲಿ ಒಂದು ರಾತ್ರಿ ಸಿಗಲಿ. ಮುಂಬೈಯ ಖಗೋಳ ಮಂಡಳ ಸೆಂಟ್ರಲ್ ಲೈನಿನ ವಾಂಗಣಿ ಕಡೆ ರಾತ್ರಿಯಿಡೀ ಆಕಾಶ ತೋರಿಸುವ ಕಾರ್ಯಕ್ರಮ ನಡೆಸುತ್ತದೆ. ಮಾತು ಮರಾಠಿಯಲ್ಲಿ, ನಮ್ಮ ಮಕ್ಕಳಿಗೆ ಅದೇನೂ ಹೊಸದಲ್ಲ. ಪುಣೆಯವರಿಗೆ ಟಿಳಕ್ ರಸ್ತೆಯ ಟಿಳಕ್ ಸ್ಮಾರಕ ಮಂದಿರದಲ್ಲಿ 1944ರಿಂದ ಇರುವ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಇದೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದ ಬಾಗಿಲು ಎಲ್ಲರಿಗೂ ತೆರೆಯುತ್ತದೆ. ಗೋವಾದವರಿಗೆ ಪಣಜಿಯ ಖಗೋಳಪ್ರಿಯರ ಸಂಘವಿದೆ. ಇಂಥ ಕಡೆ ಮಗು ಸಾಲಿನಲ್ಲಿ ನಿಂತು ನೋಡಿ ಮತ್ತೆ ಸಾಲಿನ ಕೊನೆಗೆ ಓಡಿದರೆ ಕೊಡಿಸಿ. ಚಾಪೆಯ ಮೇಲೆ ಮಲಗಿ ನಿದ್ದೆಹೋದರೆ ಇನ್ನೊಂದು ವರ್ಷ ಕಾಯಿರಿ.

ಇದೇ ಗುಂಪುಗಳಲ್ಲಿ ಹಳೇ ಟೆಲಿಸ್ಕೋಪುಗಳೂ ಸಿಗುತ್ತವೆ, ಏಕೆಂದರೆ ಮಕ್ಕಳು ಹತ್ತನೇ ಇಯತ್ತೆಗೆ ಬಂದಾಗ ಕ್ಲಾಸು ಶುರುವಾಗಿ ಕೊಳವೆ ಮೂಲೆ ಸೇರುತ್ತದೆ. ಹಳೆಯದನ್ನು ಕೊಳ್ಳುವಾಗ ಟಾರ್ಚನ್ನು ಒಂದು ಬದಿಯಿಂದ ಬಿಟ್ಟು ಲೆನ್ಸನ್ನು ಓರೆಯಾಗಿ ನೋಡಿ, ಫಂಗಸ್ಸಿನ ಎಳೆ ಇದ್ದರೆ ಆಗ ಕಾಣುತ್ತದೆ. ಫೋಕಸ್ ಗುಂಡಿ ಎರಡೂ ಕಡೆಗೆ ಸಡಿಲವಿಲ್ಲದೆ ತಿರುಗಬೇಕು. ಕನ್ನಡಿಯ ಮೇಲಿನ ಸ್ವಲ್ಪ ಧೂಳಿಗೆ ಹೆದರಬೇಡಿ, ಅದನ್ನೇ ತೋರಿಸಿ ಸಾವಿರ ರೂಪಾಯಿ ಚೌಕಾಸಿ ಮಾಡಿ.